ಲಾಗ್ ಬುಕ್ ತೆರೆಯದೆ ಪೈಲಟ್‌ಗೆ ನುಡಿನಮನ ಬೇಡ

ಗೆ,
ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಮಾಜಿ ಸೈನಿಕರ ಸಂಘಗಳ ಪದಾಧಿಕಾರಿಗಳಿಗೆ, ನುಡಿನಮನ ಸಭೆಗಳನ್ನು ಏರ್ಪಡಿಸುವ ಸಂಘಸಂಸ್ಥೆಗಳಿಗೆ, ಮೂರೂ ಜಿಲ್ಲಾಡಳಿತಗಳಿಗೆ ಹಾಗೂ ಅಗಲಿದ ಹಿರಿಯರ ಮನೆಯವರಿಗೆ

ಮಾನ್ಯರೇ,

ಸವಿನಯ ನಮಸ್ಕಾರಗಳು.

ಇತ್ತೀಚೆಗೆ ಧಾರವಾಡದಲ್ಲಿ ಒಬ್ಬ ಹಿರಿಯ ಪೈಲಟ್‌ಗೆ ನುಡಿನಮನ ಸಲ್ಲಿಸುವ ಸಭೆ ನಡೆಯಿತು. ವಾಯುಪಡೆಯಲ್ಲಿ ಸಾಗಣೆ ವಿಮಾನ ಹಾರಿಸಿ, ಸ್ಕ್ವಾಡ್ರನ್ ಲೀಡರ್ ಆಗಿ ಸೇವೆ ಮುಗಿಸಿ, ಆಮೇಲೆ ನಿವೃತ್ತಿಯವರೆಗೂ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಪ್ರಯಾಣಿಕರನ್ನು ಹೊತ್ತವರು ಅವರು. ಸಭಾಂಗಣ ತುಂಬಿತ್ತು, ಬಂದವರ ಅಭಿಮಾನದಲ್ಲಿ ಕೊರತೆಯಿರಲಿಲ್ಲ. ಅವರ ಹೆಸರನ್ನು ಮನೆಯವರ ಇಚ್ಛೆಯಂತೆ ಇಲ್ಲಿ ಬರೆಯುತ್ತಿಲ್ಲ. ಸಭೆ ಮಾಡಿದ ಸಂಸ್ಥೆಯ ಹೆಸರೂ ಬೇಡ. ಆ ಸಭೆಯಲ್ಲಿ ಕಂಡದ್ದು ಬೇರೆ ಸಭೆಗಳಲ್ಲೂ ಕಾಣುತ್ತಲೇ ಇದೆ.

ಕಂಡದ್ದು ಇಷ್ಟು. ವೇದಿಕೆಯ ಹಿಂದಿನ ಫ್ಲೆಕ್ಸ್‌ನಲ್ಲಿ ಅವರ ಭಾವಚಿತ್ರದ ಬೆನ್ನಿಗೆ ರಫೇಲ್ ಯುದ್ಧವಿಮಾನ ಹಾರುತ್ತಿತ್ತು. ಅವರು ಜೀವಮಾನದಲ್ಲಿ ಯುದ್ಧವಿಮಾನ ನಡೆಸಿದವರಲ್ಲ. ರಫೇಲ್ ನಮ್ಮ ವಾಯುಪಡೆಗೆ ಬಂದು ಇಳಿದದ್ದು 2020ರಲ್ಲಿ, ಅವರು ಸಮವಸ್ತ್ರ ಕಳಚಿ ದಶಕಗಳಾದ ಮೇಲೆ. ಹೆಸರಿನ ಹಿಂದೆ ‘ಭೂಸೇನೆಯ ಕ್ಯಾಪ್ಟನ್’ ಎಂದಿತ್ತು, ಕೆಳಗೆ ‘ಹುತಾತ್ಮ ಯೋಧನಿಗೆ ನಮನ’ ಎಂದಿತ್ತು. ತುಂಬು ಬಾಳು ಬದುಕಿ ವಯೋಸಹಜವಾಗಿ ತೀರಿಕೊಂಡವರು ಅವರು. ಭಾವಚಿತ್ರ ಇಟ್ಟ ಮೇಜಿಗೆ ರಾಷ್ಟ್ರಧ್ವಜವನ್ನೇ ಹೊದಿಕೆಯಾಗಿ ಹಾಸಲಾಗಿತ್ತು. ಭಾಷಣ ಮಾಡಿದವರಲ್ಲಿ ಒಬ್ಬರೂ ಅವರು ಹಾರಿಸಿದ ಒಂದೇ ಒಂದು ವಿಮಾನದ ಹೆಸರು ಹೇಳಲಿಲ್ಲ. ಪ್ರತಿ ಹಾರಾಟವನ್ನೂ ಬರೆದಿಟ್ಟ ಅವರ ಮೂರು ಲಾಗ್ ಬುಕ್‌ಗಳಲ್ಲಿ ಮೊದಲನೆಯದು, ಅಂದರೆ ತರಬೇತಿಯ ದಿನಗಳದ್ದು, ಮನೆ ಖಾಲಿ ಮಾಡುವಾಗ ಹಳೆ ಮಾಸಪತ್ರಿಕೆಗಳ ಜೊತೆ ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಯಿತೆಂದು ಸಭೆ ಮುಗಿದ ಮೇಲೆ ತಿಳಿಯಿತು.

ನಾವು ವಾಯುಪಡೆ ಮತ್ತು ವಿಮಾನ ಸಂಸ್ಥೆಗಳಲ್ಲಿ ಕೆಲಸ ಮಾಡಿ ಅವಳಿ ನಗರದಲ್ಲಿ ನೆಲೆಸಿದವರು. ನಮ್ಮ ತಕರಾರು ಒಂದೇ. ಪೈಲಟ್‌ನ ಬದುಕು ಬರಹದಲ್ಲಿ ಉಳಿದಿರುತ್ತದೆ, ಅದೂ ಸಹಿ, ತಾರೀಖು, ಗಂಟೆ–ನಿಮಿಷಗಳ ಸಮೇತ. ಇಷ್ಟು ಅಚ್ಚುಕಟ್ಟಾದ ದಾಖಲೆ ಬೇರೆ ವೃತ್ತಿಯವರಿಗೆ ಸಿಗುವುದು ಅಪರೂಪ. ಅದನ್ನು ಅಟ್ಟದ ಮೇಲೆ ಬಿಟ್ಟು, ಯಾರಿಗೆ ಬೇಕಾದರೂ ಹೊಂದುವ ಹೊಗಳಿಕೆಯನ್ನು ಮೈಕಿನಲ್ಲಿ ಹೇಳಿದರೆ ಆ ವ್ಯಕ್ತಿಯನ್ನು ನೆನೆದಂತೆ ಆಗುವುದಿಲ್ಲ.

ಹುದ್ದೆಯ ಗೊಂದಲವನ್ನು ಮೊದಲು ಮುಗಿಸೋಣ. ಭೂಸೇನೆಯ ಕ್ಯಾಪ್ಟನ್ ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್‌ಗೆ ಸಮ. ನೌಕಾಪಡೆಯ ಕ್ಯಾಪ್ಟನ್ ಅದಕ್ಕಿಂತ ಮೂರು ಮೆಟ್ಟಿಲು ಮೇಲೆ, ವಾಯುಪಡೆಯ ಗ್ರೂಪ್ ಕ್ಯಾಪ್ಟನ್‌ಗೆ ಸಮ. ವಿಮಾನ ಸಂಸ್ಥೆಯ ಕ್ಯಾಪ್ಟನ್ ಈ ಲೆಕ್ಕಕ್ಕೇ ಬರುವುದಿಲ್ಲ. ಅದು ಆ ವಿಮಾನದ ಹೊಣೆ ಹೊತ್ತ ಕಮಾಂಡರ್‌ನ ಪದವಿ, ಭುಜದ ಮೇಲೆ ನಾಲ್ಕು ಪಟ್ಟಿ. ಹುಬ್ಬಳ್ಳಿಯವರಿಗೆ ಇದಕ್ಕೆ ಒಳ್ಳೆ ಉದಾಹರಣೆ ಮನೆಬಾಗಿಲಲ್ಲೇ ಇದೆ. 2003ರ ಆಗಸ್ಟ್‌ನಲ್ಲಿ ಹಾರಾಟ ಆರಂಭಿಸಿದ ಏರ್ ಡೆಕ್ಕನ್ ವಿಮಾನ ಸಂಸ್ಥೆಯ ಮೊದಮೊದಲ ಮಾರ್ಗಗಳಲ್ಲಿ ಹುಬ್ಬಳ್ಳಿ–ಬೆಂಗಳೂರು ಒಂದು. ಆ ಸಂಸ್ಥೆಯನ್ನು ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಪೈಲಟ್ ಇದ್ದಿರಬೇಕೆಂದು ಗೋಕುಲ ರೋಡಿನಲ್ಲಿ ಇಂದಿಗೂ ನಂಬುವವರಿದ್ದಾರೆ. ಅವರದು ಭೂಸೇನೆಯ ಕ್ಯಾಪ್ಟನ್ ಹುದ್ದೆ. ನಾವು ಹೇಳುತ್ತಿರುವ ಹಿರಿಯರದು ತದ್ವಿರುದ್ಧ: ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್, ವಿಮಾನ ಸಂಸ್ಥೆಯಲ್ಲಿ ಕ್ಯಾಪ್ಟನ್. ಎರಡನ್ನೂ ಬರೆಯಬಹುದು, ಆದರೆ ಬೇರೆ ಬೇರೆ ಸಾಲಿನಲ್ಲಿ. ಬರೆಯುವ ಕ್ರಮ ‘ಸ್ಕ್ವಾಡ್ರನ್ ಲೀಡರ್ ಇಂಥವರು (ನಿವೃತ್ತ)’ ಎಂದು. ‘ನಿವೃತ್ತ ಸ್ಕ್ವಾಡ್ರನ್ ಲೀಡರ್ ಇಂಥವರು’ ಎಂದಲ್ಲ, ಏಕೆಂದರೆ ನಿವೃತ್ತರಾದದ್ದು ವ್ಯಕ್ತಿ, ಹುದ್ದೆ ಅಲ್ಲ.

ಹಳೆ ಫೋಟೋ ಒಂದೇ ಸಿಕ್ಕಿದ್ದರೂ ಎಷ್ಟೋ ಗೊತ್ತಾಗುತ್ತದೆ. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಎರಡೂ ರೆಕ್ಕೆ ಇದ್ದರೆ ಪೈಲಟ್. ಒಂದೇ ರೆಕ್ಕೆ ಇದ್ದರೆ ನ್ಯಾವಿಗೇಟರ್ ಅಥವಾ ವಿಮಾನದೊಳಗಿನ ಬೇರೆ ಸಿಬ್ಬಂದಿ, ಅವರನ್ನು ಪೈಲಟ್ ಎಂದು ಬರೆಯಬಾರದು. ಹಿನ್ನೆಲೆಯ ವಿಮಾನಕ್ಕೆ ಹೊಟ್ಟೆಯ ಇಕ್ಕೆಲದಲ್ಲೂ ಉದ್ದನೆಯ ಎರಡು ತೊಲೆ ಚಾಚಿ, ಹಿಂದೆ ಅವೆರಡಕ್ಕೂ ಸೇರಿಸಿ ಬಾಲ ಕೂರಿಸಿದ್ದರೆ ಅದು ಫೇರ್‌ಚೈಲ್ಡ್ ಪ್ಯಾಕೆಟ್. ಬೆನ್ನ ಮೇಲೆ ಇನ್ನೊಂದು ಸಣ್ಣ ಜೆಟ್ ಎಂಜಿನ್ ಕೂತಿದ್ದರೆ ಅನುಮಾನವೇ ಬೇಡ, ಎತ್ತರದ ಹಿಮಾಲಯದ ರನ್‌ವೇಗಳಿಗಾಗಿ ನಮ್ಮವರು ಮಾಡಿಕೊಂಡ ಮಾರ್ಪಾಡು ಅದು. 1962ರ ಜುಲೈಯಲ್ಲಿ 16,000 ಅಡಿಗೂ ಮೇಲಿರುವ ಲಡಾಖ್‌ನ ದೌಲತ್ ಬೇಗ್ ಓಲ್ಡಿಯಲ್ಲಿ ಮೊದಲು ಇಳಿದದ್ದು ಪ್ಯಾಕೆಟ್ ವಿಮಾನವೇ. ನಾಗರಿಕ ವಿಮಾನಗಳಲ್ಲಿ ಫೋಕರ್ ಫ್ರೆಂಡ್‌ಶಿಪ್‌ಗೆ ರೆಕ್ಕೆ ಮೇಲೆ, ಆವ್ರೋಗೆ ರೆಕ್ಕೆ ಕೆಳಗೆ. ಎಂಜಿನ್ ಮಾತ್ರ ಎರಡಕ್ಕೂ ರೋಲ್ಸ್ ರಾಯ್ಸ್ ಡಾರ್ಟ್. ಫ್ಲೆಕ್ಸ್ ಮಾಡಿಸುವವರು ಅಂತರ್ಜಾಲದಿಂದ ಕಣ್ಣಿಗೆ ಬಿದ್ದ ವಿಮಾನ ಎತ್ತಿಕೊಳ್ಳುವ ಬದಲು ಲಾಗ್ ಬುಕ್‌ನಲ್ಲಿರುವ ಹೆಸರು ನೋಡಿ ಚಿತ್ರ ಹುಡುಕಿದರೆ ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ.

ಈಗ ಲಾಗ್ ಬುಕ್ ವಿಷಯ. ವಾಯುಪಡೆಯ ಲಾಗ್ ಬುಕ್ ದಪ್ಪ ರಟ್ಟಿನ, ಅಡ್ಡಕ್ಕೆ ತೆರೆಯುವ ಪುಸ್ತಕ. ಎಡಪುಟದಲ್ಲಿ ತಾರೀಖು, ವಿಮಾನದ ಮಾದರಿ, ಅದರ ಬಾಲಸಂಖ್ಯೆ (ಆ ವಿಮಾನದ ಗುರುತಿನ ಸಂಖ್ಯೆ), ಮೊದಲ ಪೈಲಟ್ ಯಾರು, ಜೊತೆಗಿದ್ದವರು ಯಾರು, ಮಾಡಿದ ಕೆಲಸ ಏನು ಎಂಬ ಅಂಕಣಗಳಿರುತ್ತವೆ. ಬಲಪುಟದಲ್ಲಿ ಹಗಲು, ರಾತ್ರಿ, ಬೋಧಕನ ಜೊತೆ, ಸ್ವತಂತ್ರವಾಗಿ, ಮೋಡದೊಳಗೆ ಉಪಕರಣ ನೋಡಿಕೊಂಡು ಹಾರಿದ್ದು ಎಂದು ಗಂಟೆಗಳ ವಿಂಗಡಣೆ. ರಾತ್ರಿ ಹಾರಾಟವನ್ನು ಕೆಂಪು ಶಾಯಿಯಲ್ಲಿ ಬರೆಯುವ ರೂಢಿ. ಪ್ರತಿ ತಿಂಗಳ ಕೊನೆಗೆ ಮೊತ್ತ ಹಾಕಿ ಮೇಲಧಿಕಾರಿ ಸಹಿ ಮಾಡುತ್ತಾರೆ. ವರ್ಷಕ್ಕೊಮ್ಮೆ ಈತ ಎಂಥ ಪೈಲಟ್ ಎಂಬ ಮೌಲ್ಯಮಾಪನದ ಸಾಲು ಬರುತ್ತದೆ. ಕೊನೆಯ ಪುಟಗಳಲ್ಲಿ ಹಸಿರು ಶಾಯಿಯ ಷರಾ ಸಿಕ್ಕರೆ ಅಲ್ಲೇ ನಿಲ್ಲಿ: ಎಂಜಿನ್ ಕೆಟ್ಟಾಗಲೋ ಹವಾಮಾನ ಕೈಕೊಟ್ಟಾಗಲೋ ತೋರಿದ ಅಸಾಧಾರಣ ಕೌಶಲಕ್ಕೆ ಕೊಡುವ ಮೆಚ್ಚುಗೆ ಅದು. ಕೆಂಪು ಷರಾ ಅಜಾಗರೂಕತೆಗೆ. ಮನೆಯವರು ಅದನ್ನು ಮುಚ್ಚಿಡಲು ಆ ಪುಟವನ್ನೇ ಹರಿಯುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಅದರ ನಂತರವೂ ಅವರನ್ನು ಹಾರಲು ಬಿಟ್ಟರು ಎಂಬುದೇ ಅವರ ಪರವಾದ ಸಾಕ್ಷಿ.

‘ಡಿಸಿಒ’ ಎಂದಿದ್ದರೆ ವಹಿಸಿದ ಕೆಲಸ ಮುಗಿಯಿತು ಎಂದರ್ಥ, ‘ಡಿಎನ್‌ಸಿಒ’ ಎಂದಿದ್ದರೆ ಆಗಲಿಲ್ಲ ಎಂದು. ಸಾಗಣೆ ಪೈಲಟ್‌ನ ಲಾಗ್ ಬುಕ್‌ನಲ್ಲಿ ಚಳಿಗಾಲದ ತಿಂಗಳುಗಳ ಡಿಎನ್‌ಸಿಒಗಳನ್ನು ಓದುವುದು ಒಳ್ಳೆಯದು. ಕಣಿವೆ ಮೋಡದಿಂದ ಮುಚ್ಚಿದಾಗ ಸಾಮಾನಿನ ಸಮೇತ ಹಿಂತಿರುಗುವ ನಿರ್ಧಾರಗಳು ಅವು. ಹಾಗೆ ತಿರುಗಿದ್ದರಿಂದಲೇ ವಿಮಾನದೊಳಗಿದ್ದ ಜವಾನರು ಊರು ಸೇರಿರುತ್ತಾರೆ. ಭಾಷಣಕ್ಕೆ ಇವು ರುಚಿಸುವುದಿಲ್ಲ, ವೃತ್ತಿ ಬಲ್ಲವರು ಮಾತ್ರ ಮೊದಲು ಹುಡುಕುವುದೇ ಇವನ್ನು. ಹೆಸರಾಂತ ದಿನಗಳಾದರೂ ಅಷ್ಟೇ, ಒಂದೇ ಸಾಲು. 1971ರ ಡಿಸೆಂಬರ್ 11ರಂದು ಆಗಿನ ಪೂರ್ವ ಪಾಕಿಸ್ತಾನದ ಟಂಗೈಲ್‌ನಲ್ಲಿ ಪ್ಯಾರಾಶೂಟ್ ಬೆಟಾಲಿಯನ್ ಇಳಿಸಲು ಎಎನ್-12, ಪ್ಯಾಕೆಟ್, ಡಕೋಟಾ, ಕ್ಯಾರಿಬೂ ಸಾಗಣೆ ವಿಮಾನಗಳು ಹೋದವು. ಅದರಲ್ಲಿದ್ದ ಪೈಲಟ್‌ನ ಪುಸ್ತಕದಲ್ಲಿ ಆ ಸಂಜೆಗೆ ಸಿಗುವ ಜಾಗ ಕಾಲು ಅಂಗುಲ. ಓದಲು ಬಾರದವರು ಪುಟ ಮಗುಚಿ ಮುಂದೆ ಹೋಗುತ್ತಾರೆ.

ಬಾಲಸಂಖ್ಯೆಯ ಅಂಕಣ ಅನೇಕರಿಗೆ ನಿರರ್ಥಕವಾಗಿ ಕಾಣುತ್ತದೆ. ಹೀಗೆ ಬರೆದಿಟ್ಟ ವಿವರಗಳ ಬೆಲೆ ಏನೆಂದು ಬಿಎಲ್-534 ಎಂಬ ಬಾಲಸಂಖ್ಯೆಯ ಎಎನ್-12 ವಿಮಾನ ಹೇಳುತ್ತದೆ. 1968ರ ಫೆಬ್ರವರಿ 7ರಂದು 102 ಜನರನ್ನು ಹೊತ್ತು ಚಂಡೀಗಢದಿಂದ ಲೇಹ್‌ಗೆ ಹೊರಟ ಅದು ಕಾಣೆಯಾಯಿತು. ಅವಶೇಷದ ಮೊದಲ ಸುಳಿವು ಸಿಕ್ಕಿದ್ದು 2003ರಲ್ಲಿ. 2024ರಲ್ಲೂ ಹಿಮದಡಿಯಿಂದ ನಾಲ್ವರ ದೇಹ ಹೊರತೆಗೆದರು, ಗುರುತು ಹಚ್ಚಲು ಅವರ ಬಳಿ ಉಳಿದಿದ್ದ ಕಾಗದಪತ್ರಗಳು ನೆರವಾದವು. 56 ವರ್ಷ ಹಿಮದಲ್ಲಿದ್ದ ಕಾಗದ ಮಾತಾಡಿತು. ನಮ್ಮ ಮಾಳಿಗೆಯಲ್ಲಿ ಬೆಚ್ಚಗಿದ್ದ ಕಾಗದ ರದ್ದಿಗೆ ಹೋಗುತ್ತಿದೆ.

ನಮ್ಮ ನಾಡಿನದೇ ಇನ್ನೊಂದು ಪ್ರಕರಣವಿದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಯುದ್ಧವಿಮಾನ ಒಂದನ್ನು ಅವರು ಕೆಡವಿದ್ದರೆಂಬುದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎದುರಾಳಿ ಕಡೆಯ ವಿವರಗಳು ಬರಹವಾಗಿ ಹೊರಬಂದು, ಅವನ್ನು ಇಲ್ಲಿನ ದಾಖಲೆಗಳ ಜೊತೆ ತಾಳೆ ನೋಡಿದ ಮೇಲೆ ಸತ್ಯ ತಿಳಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ತಡವಾಗಿ. ಬರೆದಿಟ್ಟದ್ದು ಎರಡೂ ಕಡೆ ಉಳಿದಿದ್ದರಿಂದ ಅದಾದರೂ ಆಯಿತು.

ವಿಮಾನ ಸಂಸ್ಥೆಯ ಕಾಲದ ಲಾಗ್ ಬುಕ್ ಓದುವಾಗ ಎರಡು ಕಡೆ ಎಡವುತ್ತಾರೆ. ಒಂದು, ಗಂಟೆಗಳ ಮೊತ್ತ. ವಾಯುಪಡೆಯಲ್ಲಿ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗಿನ ಸಮಯ ಬರೆಯುತ್ತಾರೆ. ವಿಮಾನ ಸಂಸ್ಥೆಯಲ್ಲಿ ಚಕ್ರದ ಅಡ್ಡಗಟ್ಟೆ ತೆಗೆದು ಹೊರಟಾಗಿನಿಂದ ಮತ್ತೆ ನಿಲ್ಲಿಸುವವರೆಗೆ. ಎರಡನ್ನೂ ಕೂಡಿಸಿ ಒಂದೇ ಅಂಕಿ ಫ್ಲೆಕ್ಸಿಗೆ ಹಾಕಿದರೆ ತಪ್ಪು. ಬೇರೆ ಬೇರೆ ಕೊಡಿ. ಬೋಧಕನ ಜೊತೆ ಹಾರಿದ್ದನ್ನೂ ಸ್ವತಂತ್ರವಾಗಿ ಹಾರಿದ್ದನ್ನೂ ಎರಡೆರಡು ಸಲ ಕೂಡಿಸುವುದೂ ಉಂಟು, ಆದ್ದರಿಂದ ಪುಟದಿಂದ ಪುಟಕ್ಕೆ ಮುಂದೆ ಒಯ್ದ ಮೊತ್ತವನ್ನೇ ನಂಬಿ. ಎರಡನೆಯದು ತಾರೀಖು. ನಾಗರಿಕ ಹಾರಾಟದ ಸಮಯವನ್ನು ಅಂತರರಾಷ್ಟ್ರೀಯ ಸಮಯದಲ್ಲಿ ಬರೆದಿದ್ದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದೆ. ಮೂರನೇ ತಾರೀಖು 23:40 ಎಂದಿದ್ದರೆ ಇಲ್ಲಿ ನಾಲ್ಕರ ಬೆಳಗಿನ 5:10. ಮನೆಯವರ ನೆನಪಿಗೂ ಪುಸ್ತಕಕ್ಕೂ ಒಂದು ದಿನದ ವ್ಯತ್ಯಾಸ ಬಂದರೆ ಜಗಳಕ್ಕೆ ಮೊದಲು ಇದನ್ನು ನೋಡಿ. ಊರುಗಳು ಮೂರಕ್ಷರದ ಸಂಕೇತದಲ್ಲಿರುತ್ತವೆ: ಎಚ್‌ಬಿಎಕ್ಸ್ ನಮ್ಮ ಹುಬ್ಬಳ್ಳಿ, ಐಎಕ್ಸ್‌ಜಿ ಬೆಳಗಾವಿ, ಬಿಒಎಂ ಮುಂಬೈ.

ಆ ಸಭೆಯಲ್ಲಿ ಇಂಡಿಯನ್ ಏರ್‌ಲೈನ್ಸ್ ವರ್ಷಗಳಿಗೆ ಒಂದು ವಾಕ್ಯ ಸಿಕ್ಕಿತು: ‘ನಂತರ ಖಾಸಗಿ ನೌಕರಿ ಮಾಡಿದರು’ ಎಂದು. 1953ರಲ್ಲಿ ಶುರುವಾದ ಆ ಸಂಸ್ಥೆ ಸರ್ಕಾರದ್ದಾಗಿತ್ತು ಎಂಬುದಿರಲಿ, ಬದುಕಿನ ದೊಡ್ಡ ಪಾಲನ್ನೇ ಹೀಗೆ ಒರೆಸಿಹಾಕುವುದು ಸರಿಯೇ? ವರ್ಷಕ್ಕೆ 1,000 ಗಂಟೆಯ ಮಿತಿಯೊಳಗೆ ಹಾರಾಟ, ವರ್ಷಕ್ಕೆರಡು ಸಲ ಕೌಶಲ ಪರೀಕ್ಷೆ, ಜೊತೆಗೆ ವೈದ್ಯಕೀಯ ತಪಾಸಣೆ. ಒಂದರಲ್ಲಿ ತಪ್ಪಿದರೂ ಮನೆಯಲ್ಲೇ ಕೂರಬೇಕು. ಡಾರ್ಟ್ ಎಂಜಿನ್‌ಗೆ ಬೇಸಿಗೆಯ ಮಧ್ಯಾಹ್ನ ಬಲ ಸಾಲದೆ ನೀರು–ಮೆಥನಾಲ್ ಮಿಶ್ರಣ ಚಿಮುಕಿಸಿ ಮೇಲೇಳಬೇಕಿತ್ತು. ಜಿಪಿಎಸ್ ಇಲ್ಲದ ಕಾಲದಲ್ಲಿ ಸಣ್ಣ ನಿಲ್ದಾಣಗಳನ್ನು ಹುಡುಕಿಕೊಡುತ್ತಿದ್ದುದು ನೆಲದ ರೇಡಿಯೊ ದೀಪ, ಅಂದರೆ ರೇಡಿಯೊ ಸಂಕೇತ ಕಳಿಸುವ ಉಪಕರಣ. ಮುಂಗಾರಿನಲ್ಲಿ ಅದರ ದಿಕ್ಕು ತೋರುವ ವಿಮಾನದೊಳಗಿನ ಮುಳ್ಳು ನಿಲ್ದಾಣದ ಕಡೆ ತೋರಿಸುವ ಬದಲು ಗುಡುಗುಮೋಡದ ಕಡೆ ವಾಲುತ್ತದೆ, ಮಿಂಚಿನ ರೇಡಿಯೊ ಸದ್ದೇ ಅದಕ್ಕೆ ಹೆಚ್ಚು ಗಟ್ಟಿಯಾಗಿ ಕೇಳುವುದರಿಂದ. ನಂಬಿ ಹೋದರೆ ಮೋಡದ ಹೊಟ್ಟೆಗೆ ಹೋದ ಹಾಗೆ. ಇಂಥದರಲ್ಲಿ ವರ್ಷಗಟ್ಟಲೆ ಏನೂ ಆಗದಂತೆ ಜನರನ್ನು ಇಳಿಸಿದವರಿಗೆ ಪದಕ ಇರುವುದಿಲ್ಲ. ಲಾಗ್ ಬುಕ್ ಮಾತ್ರ ಇರುತ್ತದೆ.

ಪದಕಗಳ ವಿಷಯದಲ್ಲೂ ಅನಾಹುತ ನಡೆದಿದೆ. ನುಡಿನಮನಕ್ಕೆ ಮುನ್ನ ಹೊಳೆಯಲೆಂದು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಾರೆ. ಪದಕದ ಅಂಚಿನಲ್ಲಿ ಸೇವಾಸಂಖ್ಯೆ, ಹುದ್ದೆ, ಹೆಸರು ಕೊರೆದಿರುತ್ತದೆ. ತಿಕ್ಕಿದಷ್ಟೂ ಮೊದಲು ಸವೆಯುವುದು ಅದೇ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಅಂಚು ಓದಿ, ಬರೆದುಕೊಳ್ಳಿ, ಒಣ ಹತ್ತಿಬಟ್ಟೆಯಿಂದ ಒರೆಸಿ ಬಿಡಿ. ಅಂಚು ಖಾಲಿ ಇದ್ದರೆ ಅದು ಸಮವಸ್ತ್ರದ ಅಂಗಡಿಯಲ್ಲಿ ಕೊಂಡ ನಕಲು ಇರಬಹುದು, ಅಸಲು ಮನೆಯಲ್ಲೇ ಎಲ್ಲೋ ಇದ್ದೀತು. 1971ರಲ್ಲಿ ಪೂರ್ವ ರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಆದ್ದರಿಂದ ‘ಯಾವ ಗಡಿಯಲ್ಲಿದ್ದರು’ ಎಂಬುದಕ್ಕೆ ಪದಕವೇ ಉತ್ತರ ಹೇಳುತ್ತದೆ. ಮನೆಯವರು ಸಮಾರಂಭಕ್ಕೆ ಧರಿಸುವುದಾದರೆ ಬಲ ಎದೆಗೆ. ಎಡ ಎದೆ ಗಳಿಸಿದವರದು.

ಧ್ವಜದ ಬಗ್ಗೆ ಹೇಳಲು ಬೇಸರವಾಗುತ್ತದೆ. ಗರಗದಲ್ಲಿ ಧ್ವಜದ ಬಟ್ಟೆ ನೇಯುವವರು, ಬೆಂಗೇರಿಯಲ್ಲಿ ಧ್ವಜ ಹೊಲಿಯುವವರು ನಮ್ಮವರೇ. ಹಾಗಿದ್ದೂ ಅದನ್ನು ಮೇಜಿನ ಬಟ್ಟೆ ಮಾಡಿದೆವು. ಧ್ವಜ ಸಂಹಿತೆಯ ಪ್ರಕಾರ ಸರ್ಕಾರಿ, ಸೇನಾ ಮತ್ತು ಅರೆಸೇನಾ ಗೌರವದ ಅಂತ್ಯಕ್ರಿಯೆಗಳಲ್ಲಿ ಮಾತ್ರ ಧ್ವಜ ಹೊದಿಸಬಹುದು. ಆಗಲೂ ಕೇಸರಿ ಪಟ್ಟಿ ತಲೆಯ ಕಡೆಗೆ ಇರಬೇಕು, ಧ್ವಜವನ್ನು ಚಿತೆಯಲ್ಲಿ ಸುಡುವಂತಿಲ್ಲ, ಗುಂಡಿಗೆ ಇಳಿಸುವಂತಿಲ್ಲ. ನಿವೃತ್ತರೆಂಬ ಕಾರಣಕ್ಕೆ ಮನೆಯವರೋ ಸಂಘದವರೋ ತಾವಾಗಿ ಹೊದಿಸುವುದಲ್ಲ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯನ್ನು ಮೊದಲು ಕೇಳಬೇಕು.

‘ಸತ್ತ ಮನ್ಯಾಗ ಲಾಗ್ ಬುಕ್ ಎಲ್ಲಿ ಅಂತ ಕೇಳೂದು ಹ್ಯಾಂಗ್ರಿ?’ ಎನ್ನುವಿರಿ. ಮೊದಲ ದಿನವೇ ಕೇಳಬೇಡಿ. ಹದಿಮೂರನೆಯ ದಿನ ಕಳೆದ ಮೇಲೆ, ಪಾಲು, ಖಾಲಿ ಮಾಡುವ ಮಾತು ಶುರುವಾಗುವ ಮೊದಲು ಕೇಳಿ. ರದ್ದಿಯವನು ಬರುವುದು ಅದಾದ ಮೇಲೆ. ಹೆಸರು ಬರೆದ ಕಪ್ಪು ಟ್ರಂಕು ಸಿಕ್ಕರೆ ಎಲ್ಲವನ್ನೂ ನೆಲಕ್ಕೆ ಸುರಿಯದೆ, ಪದರಪದರವಾಗಿ ಫೋಟೋ ತೆಗೆಯುತ್ತಾ ಎತ್ತಿ. ಒಟ್ಟಿಗಿದ್ದದ್ದು ಒಟ್ಟಿಗಿರಲಿ. ಲಾಗ್ ಬುಕ್‌ನ ನಡುವೆ ಸಿಕ್ಕಿಸಿದ ಚೀಟಿ ಆ ಪುಟದ ಹಾರಾಟಕ್ಕೇ ಸೇರಿದ್ದಿರುತ್ತದೆ. ಪುಸ್ತಕವನ್ನು ಚಪ್ಪಟೆಯಾಗಿ ಒತ್ತಬೇಡಿ, ಬೆನ್ನು ಒಡೆಯುತ್ತದೆ. ರಟ್ಟಿಗೆ ಎರಡೂ ಕಡೆ ಆಸರೆ ಕೊಟ್ಟು ಅರ್ಧ ತೆರೆದು, ಫ್ಲ್ಯಾಶ್ ಇಲ್ಲದೆ ಕಿಟಕಿ ಬೆಳಕಿನಲ್ಲಿ ಪ್ರತಿ ಪುಟವನ್ನೂ, ಖಾಲಿ ಪುಟ ಮತ್ತು ರಟ್ಟು ಸೇರಿಸಿ ತೆಗೆಯಿರಿ. ಸ್ಕ್ಯಾನರ್ ಇದ್ದರೆ ಬರಹಕ್ಕೆ 300 ಡಿಪಿಐ, ಫೋಟೋಗೆ 600. ಫೋಟೋದ ಹಿಂಬದಿ ಬಿಡಬೇಡಿ. ಅಲ್ಲಿ ಹೆಸರು ಬರೆಯುವುದಿದ್ದರೆ ಮೆದು ಪೆನ್ಸಿಲ್, ಬಾಲ್ ಪೆನ್ ಮುಂದಿನ ಮುಖಕ್ಕೆ ಉಬ್ಬುತ್ತದೆ. ಲ್ಯಾಮಿನೇಶನ್, ಸೆಲೋಟೇಪ್ ಎರಡೂ ಬೇಡ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಗೋಡೆ ಕಪಾಟು ಬೆವರುತ್ತದೆ, ಗೆದ್ದಲೂ ಅಲ್ಲೇ ಹುಟ್ಟುತ್ತದೆ. ಒಗೆದು ಗಂಜಿ ತೆಗೆದ ಖಾದಿಯಲ್ಲಿ ಸುತ್ತಿ, ಗೋಡೆಗೆ ತಾಗದ ಸ್ಟೀಲ್ ಕಪಾಟಿನಲ್ಲಿಡಿ. ‘ಗೋಪ್ಯ’ ಮುದ್ರೆಯ ನಕ್ಷೆ, ಕಡತ ಸಿಕ್ಕರೆ ಫೋಟೋ ತೆಗೆದು ಹಂಚಬೇಡಿ. ಸೈನಿಕ ಕಲ್ಯಾಣ ಕಚೇರಿಯ ಮೂಲಕ ಸೇವೆಗೆ ಮರಳಿಸಿ.

ಇನ್ನು ನಮ್ಮ ಕೋರಿಕೆಗಳು.

ಸಭೆ ಏರ್ಪಡಿಸುವವರು ಫ್ಲೆಕ್ಸ್ ಮುದ್ರಣಕ್ಕೆ ಕೊಡುವ ಮೊದಲು ಮನೆಯವರೊಂದಿಗೆ ಅರ್ಧ ತಾಸು ಕೂತು ಲಾಗ್ ಬುಕ್‌ನ ಕೊನೆಯ ಮೊತ್ತ, ವಿಮಾನಗಳ ಪಟ್ಟಿ, ಪದಕಗಳ ಅಂಚು ಇಷ್ಟನ್ನು ಬರೆದುಕೊಳ್ಳಬೇಕು. ಸಭೆಯಲ್ಲಿ ಎರಡು ಭಾಷಣ ಕಡಿಮೆ ಮಾಡಿ, ಲಾಗ್ ಬುಕ್‌ನ ಒಂದು ತಿಂಗಳನ್ನು ಪೂರ್ತಿ ಓದಿಸಿ. ಯುದ್ಧದ ತಿಂಗಳೇ ಆಗಬೇಕೆಂದಿಲ್ಲ, ಮಾಮೂಲಿ ಜುಲೈ ಆದರೂ ಸರಿ.

ಮಾಜಿ ಸೈನಿಕರ ಸಂಘಗಳು ಬದುಕಿರುವವರ ಕಡೆ ತಿರುಗಬೇಕು. ಗದಗ, ಹಾವೇರಿಯ ಹಳ್ಳಿಗಳಲ್ಲೂ ವಾಯುಪಡೆಯಿಂದ ನಿವೃತ್ತರಾದವರಿದ್ದಾರೆ. ಅವರಲ್ಲಿ ಹೆಚ್ಚಿನವರು ಪೈಲಟ್‌ಗಳಲ್ಲ. ಎಂಜಿನ್ ಬಿಚ್ಚಿ ಕಟ್ಟಿದವರು, ರೇಡಿಯೊ ರಿಪೇರಿ ಮಾಡಿದವರು. ಅವರ ಸೇವಾಪುಸ್ತಕಕ್ಕೂ ಈ ಮಾತೆಲ್ಲ ಅನ್ವಯ. ‘ನಿಮ್ಮ ಅನುಭವ ಹೇಳ್ರಿ’ ಎಂದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಪುಸ್ತಕ ಮುಂದಿಟ್ಟು, ಈ ತಾರೀಖಿನಲ್ಲಿ ಏನಾಯಿತು, ಜೊತೆಗಿದ್ದ ಈ ಹೆಸರಿನವರು ಯಾರು ಎಂದು ಸಾಲು ಹಿಡಿದು ಕೇಳಿ, ಧ್ವನಿ ಮುದ್ರಿಸಿಕೊಳ್ಳಿ. ಎಂಬತ್ತರ ಆಚೆಯವರಿಂದ ಶುರು ಮಾಡಿ.

1939ರಿಂದ ಓಲೆಗರಿ, ಶಾಸನಗಳನ್ನು ಕಾಪಾಡಿಕೊಂಡು ಬಂದ ಕನ್ನಡ ಸಂಶೋಧನಾ ಪೀಠ ಧಾರವಾಡದಲ್ಲೇ ಇದೆ. ಕರ್ನಾಟಕ ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಇಂಥ ಲಾಗ್ ಬುಕ್‌ಗಳನ್ನು ರಸೀದಿ ಕೊಟ್ಟು ಪಡೆದು, ಪ್ರತಿ ಮಾಡಿಕೊಂಡು, ಅಸಲನ್ನು ಮನೆಯವರಿಗೆ ಮರಳಿಸಬಹುದು. ‘ದಾನ ಕೊಡ್ರಿ’ ಎಂದರೆ ಕೊಡಲು ಹಿಂಜರಿಯುವವರು ಇದಕ್ಕೆ ಒಪ್ಪುತ್ತಾರೆ. ರಕ್ಷಣಾ ಸಚಿವಾಲಯವು 2021ರ ಜೂನ್‌ನಲ್ಲಿ ಯುದ್ಧ ಮತ್ತು ಕಾರ್ಯಾಚರಣೆಗಳ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷದಲ್ಲಿ ಬಹಿರಂಗಕ್ಕೆ ತೆರೆಯುವ ನೀತಿ ಒಪ್ಪಿಕೊಂಡಿದೆ. ಆ ದಾಖಲೆ ತೆರೆದಾಗ ತಾಳೆ ನೋಡಲು ನಮ್ಮ ಕಡೆಯ ಕಾಗದ ಇರಬೇಡವೇ?

ಜಿಲ್ಲಾಡಳಿತಗಳಲ್ಲಿ ಒಂದು ವಿನಂತಿ. ಪ್ರತಿ ವರ್ಷ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆಗೆ ಹಿರಿಯರನ್ನು ಕರೆದು ಶಾಲು ಹೊದಿಸುತ್ತೀರಿ. ಈ ಸಲ ಆಮಂತ್ರಣದಲ್ಲಿ ‘ನಿಮ್ಮ ಲಾಗ್ ಬುಕ್ ಅಥವಾ ಸೇವಾಪುಸ್ತಕ ತನ್ನಿ’ ಎಂಬ ಒಂದು ಸಾಲು ಸೇರಿಸಿ, ಸಭಾಂಗಣದ ಪಕ್ಕದ ಕೋಣೆಯಲ್ಲಿ ಒಂದು ಸ್ಕ್ಯಾನರ್, ಒಂದು ಮೇಜು, ಕಿಟಕಿ ಪಕ್ಕ ಎರಡು ಕುರ್ಚಿ ಇಡಿಸಿ. ಪುಸ್ತಕ ಓದಿ ವಿವರ ಬರೆದುಕೊಳ್ಳುವ ಕೆಲಸಕ್ಕೆ ನಾವು ಬಂದು ಕೂರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ವಾಯುಪಡೆ ಮತ್ತು ನಾಗರಿಕ ವಿಮಾನಯಾನದ ಕೆಲವು ನಿವೃತ್ತರು
ಹುಬ್ಬಳ್ಳಿ–ಧಾರವಾಡ